ಗಿಟಾರಿಗೆ ಆಯುಧಪೂಜೆ

ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದ ಮಿಕ್ಸಿ, ಹೊಲಿಗೆ ಯಂತ್ರಗಳಿಗೆಲ್ಲ ಕುಂಕುಮವಿಟ್ಟಾದ ಮೇಲೆ ಅಜ್ಜಿ, "ನಿನ್ನ ಗಿಟಾರನ್ನೂ ತಾರೇ, ಅದೇನು ಪಾಪ ಮಾಡಿದೆ?" ಎಂದರು.

ಚಿನ್ಮಯಿ ಮೊದಲು ಒಪ್ಪಲಿಲ್ಲ. ಗಿಟಾರಿನ ಮೈಮೇಲೆ ಯಾರದಾದರೂ ಬೆರಳಚ್ಚು ಬಿದ್ದರೂ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ತಂದು, ಅಮ್ಮನ ರೇಷ್ಮೆ ಶಾಲಿನ ಮೇಲೆ ಕೂಸನ್ನು ಮಲಗಿಸಿದ ಹಾಗೆ ಮಲಗಿಸಿದಳು.

ಅಪ್ಪ ಹುರುಪಿನಲ್ಲಿ ಸ್ಕೂಟರಿನ ಮುಂದೆ ಇಡುಗಾಯಿ ಒಡೆದರು. ಚಿಪ್ಪಿನ ಚೂರೊಂದು ಹಾರಿ ಬಂದು ಗಿಟಾರಿನ ತಂತಿಗಳಿಗೆ ಠಣ್ಣನೆ ಬಡಿದು, ಅದರ ನುಣುಪು ಮೈಯಲ್ಲಿ ಅಕ್ಕಿಕಾಳಿನಷ್ಟು ಗುಳಿ ತೋಡಿತು.

ಅಪ್ಪ ಮೆಲ್ಲಗೆ ಸ್ಕೂಟರಿನ ಹಿಂದೆ ಸರಿದರು. "ಬೈಯಮ್ಮಾ, ಬೈದುಬಿಡು."

"ಒಂದು ಗೀರೂ ಇರಲಿಲ್ಲ ಅಪ್ಪಾ..." ಚಿನ್ಮಯಿ ಗುಳಿಯನ್ನು ಬೆರಳಿನಿಂದ ಸವರುತ್ತ ಅಳತೊಡಗಿದಳು.

ಸ್ಕೂಟರಿನ ಹಿಂದಿನಿಂದ ಇಣುಕುತ್ತಿದ್ದ ಅಪ್ಪನ ಮುಖ ನೋಡಿ ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಗು ಉಕ್ಕಿತು.

"ನಗಬೇಡಮ್ಮಾ," ಎನ್ನುತ್ತಲೇ ಚಿನ್ಮಯಿಗೂ ಅಳುವಿನ ನಡುವೆ ಕಿಸಕ್ಕನೆ ನಗು ಬಂತು. ಆಮೇಲೆ ಅಪ್ಪನಿಗೂ.

ಅಜ್ಜಿ ಮಾತ್ರ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. "ಎಷ್ಟು ಇಂಪಾಗಿದೆಯೇ. ಯುಗಾದಿಗೆ ತಂದಿದ್ದು, ಇವತ್ತೇ ಕಣೇ ಇದರ ದನಿ ಕೇಳಿದ್ದು."