ಪಂಪಿಗೆ ಸಿಕ್ಕಿದ ದೇವರ ಹೂವು

ಕೊಳದ ಪಂಪು ಮತ್ತೆ ನಿಂತುಹೋಗಿತ್ತು. ಮೃತ್ಯುಂಜಯ ಪಂಚೆ ಮೇಲೆತ್ತಿ ಕಟ್ಟಿಕೊಂಡು ದಂಡೆಯ ಮೇಲೆ ನಿಂತು, ಅಂಗಳ ಗುಡಿಸುತ್ತಿದ್ದ ಪುಟ್ಟಮಾದಮ್ಮನ ಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಿದ್ದ. ಅರಿಶಿನದ ವ್ಯಾಪಾರ ಕೈ ಹಿಡಿದ ಮೇಲೆ ಚಾಮರಾಜನಗರದ ಹೊಸ ಬಡಾವಣೆಯಲ್ಲಿ ಅವನು ಕಟ್ಟಿಸಿದ ಮನೆ ಅದು. ಮನೆ ಮುಂದೆ ಕೊಳ, ಕೊಳದ ನಡುವೆ ಕಾರಂಜಿ, ಒಳಗೆ ಬಣ್ಣಬಣ್ಣದ ಮೀನು. ಕಾರಂಜಿ ಈಗ ತಣ್ಣಗೆ ಕೂತಿತ್ತು, ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು.

"ಜಾಲರಿ ತೊಳ್ದಿದ್ದಯ ಇಲ್ವ? ನಿಜ ಹೇಳು."

"ನೆನ್ನ ತಾನೆ ತೊಳ್ದಿವ್ನಿ, ಸಾವ್ಕಾರ್ರೆ."

"ಮತ್ಯಾಕ್ ಕಟ್ಕತದ? ಮೊದಲ್ನೇ ಪಂಪು ಸುಟ್ಟೋಯ್ತು. ಇದೂ ಸುಟ್ಟೋದ್ರ ನಾಳಿಂದ ನೀನು ಕೆಲ್ಸಕ್ಕ ಬರೋದೇ ಬ್ಯಾಡ."

ಯಾಕೆ ಕಟ್ಟಿಕೊಳ್ಳುತ್ತದೆ ಅನ್ನುವುದು ಪುಟ್ಟಮಾದಮ್ಮನಿಗೆ ಗೊತ್ತಿತ್ತು, ಅವನಿಗೂ ಚೆನ್ನಾಗಿಯೇ ಗೊತ್ತಿತ್ತು. ಅವನ ತಾಯಿ ದೊಡ್ಡಮಲ್ಲಮ್ಮ ಬೆಳಗಿನ ಲಿಂಗಪೂಜೆ ಮುಗಿಸಿ, ಹಿಂದಿನ ದಿನದ ಬಿಲ್ವಪತ್ರೆ, ಚೆಂಡುಹೂವು, ದಾರದ ಸಮೇತ ಮಾಲೆ, ಎಲ್ಲವನ್ನೂ ತಟ್ಟೆಯಲ್ಲಿ ತಂದು ಕೊಳಕ್ಕೆ ಸುರಿಯುತ್ತಿದ್ದಳು. ದೇವರಿಗೆ ಏರಿಸಿದ ಹೂವನ್ನು ಯಾರೂ ತುಳಿಯಬಾರದು, ಹರಿಯುವ ನೀರಿಗೆ ಬಿಡಬೇಕು. ಬಡಾವಣೆಯಲ್ಲಿ ಹೊಳೆ ಎಲ್ಲಿಂದ ಬರಬೇಕು? ಆದರೆ ಸ್ವಿಚ್ ಒತ್ತಿದರೆ ಈ ಕೊಳದಲ್ಲಿ ನೀರು ಹರಿಯುತ್ತದಲ್ಲ, ಮುದುಕಿಗೆ ಅಷ್ಟು ಸಾಕಾಗಿತ್ತು. ಎಸಳು ಕೊಳೆತು ಜಾಲರಿಗೆ ಮೆತ್ತಿಕೊಳ್ಳುತ್ತಿತ್ತು, ದಾರ ಹೋಗಿ ಪಂಪಿನ ಚಕ್ರಕ್ಕೆ ಸುತ್ತಿಕೊಳ್ಳುತ್ತಿತ್ತು. ಪುಟ್ಟಮಾದಮ್ಮ ಕೊಳದ ಮೇಲೆ ಬಲೆ ಕಟ್ಟಿ ನೋಡಿದ್ದಳು. ಬಲೆ ಮೇಲಿನ ಹೂವನ್ನು ಕಾಗೆ ಕಚ್ಚಿಕೊಂಡು ಹೋಗಿ ಚರಂಡಿಗೆ ಹಾಕುತ್ತದೆ ಎಂದು ದೊಡ್ಡಮಲ್ಲಮ್ಮ ಈಳಿಗೆಮಣೆ ತರಿಸಿ ಬಲೆಯನ್ನೇ ಕೊಯ್ಯಿಸಿ ಹಾಕಿದ್ದಳು. ಮಗ ಅವತ್ತೂ ತಾಯಿಯ ಎದುರು ತುಟಿ ಪಿಟಕ್ಕೆನ್ನಲಿಲ್ಲ. ಕೂಗಾಡುವುದಕ್ಕೆ ಹೇಗೂ ಪುಟ್ಟಮಾದಮ್ಮ ಇದ್ದಳು.

ಇವತ್ತು ಅವಳು ಒಂದು ಉಪಾಯ ಮಾಡಿಕೊಂಡೇ ಬಂದಿದ್ದಳು. ಗುಂಡ್ಲುಪೇಟೆಯ ಅಕ್ಕನ ಮನೆಗೆ ಹೋದವಳು ಅಲ್ಲಿನ ಸಂತೆಯಲ್ಲಿ ಹೊಸ ಬಿದಿರಿನ ಕುಕ್ಕೆ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಪೊರಕೆ ಗೋಡೆಗೆ ಒರಗಿಸಿ, ಕುಕ್ಕೆಯನ್ನು ಬಾಗಿಲ ಮೆಟ್ಟಿಲ ಮೇಲಿಟ್ಟಳು. ದೊಡ್ಡಮಲ್ಲಮ್ಮ ಆಗಲೇ ಗಲಾಟೆ ಕೇಳಿ ಬಾಗಿಲಿಗೆ ಬಂದಿದ್ದಳು.

"ಅವ್ವಾರೆ, ಹೂವ ಇದ್ಕ ಹಾಕ್ಬುಡಿ. ತೆಂಗಿನ್ ಬುಡ್ದಲ್ಲಿ ಗುಂಡಿ ತೋಡಿ ನಾನೇ ಮುಚ್ತಿನಿ. ಯಾರೂ ತುಳಿಯದಿಲ್ಲ, ಪಂಪೂ ಕಟ್ಕಳದಿಲ್ಲ."

ದೊಡ್ಡಮಲ್ಲಮ್ಮ ಸೀರೆಯ ನೆರಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ನೀನ್ ಮುಟ್ಟಿರ ಕುಕ್ಕಗ ಲಿಂಗದ್ ಮ್ಯಾಲಿನ ಹೂವ ಹಾಕನ? ಅದೂ ನಿನ್ ಕೈಲಿ ಮುಚ್ಸನ? ಏನಮ್ಮಿ ಪುಟ್ಟಮಾದಿ, ವಸಿ ಸಲುಗ ಕೊಟ್ಟದ್ದೇ ಎಚ್ಚಾಗೋಯ್ತ?"

ಪುಟ್ಟಮಾದಮ್ಮ ಮೃತ್ಯುಂಜಯನ ಮುಖ ನೋಡಿದಳು. ಕಾಲೇಜು ಮೆಟ್ಟಿಲು ಹತ್ತಿದವನು, ಒಂದು ಮಾತು ಆಡಿಯಾನು ಅಂದುಕೊಂಡಿದ್ದಳು. ಅವನು ಮೊಬೈಲ್ ತೆಗೆದು ಅದನ್ನೇ ಉಜ್ಜತೊಡಗಿದ. ಮುದುಕಿಯ ಮಾತು ಅವಳಿಗೆ ಹೊಸದಲ್ಲ, ಇಷ್ಟು ವರ್ಷ ಕೇಳಿ ನುಂಗಿಕೊಂಡವಳೇ. ಇವನು ಸುಮ್ಮನಿದ್ದದ್ದಕ್ಕೆ ಮಾತ್ರ ಅವಳ ಮೈಯೆಲ್ಲ ಉರಿದುಹೋಯಿತು.

"ಏನ್ ನೋಡ್ತಾ ನಿಂತಿದ್ದಯ? ಸ್ವಿಚ್ ಆಫ್ ಮಾಡಿವ್ನಿ. ಇಳ್ದು ತಗಿ ಅದ, ಮೀನು ಸತ್ತೋಯ್ತವ," ಅಂದ ಅವನು, ತಲೆ ಎತ್ತದೆ.

ಅವಳು ಸೀರೆ ಎತ್ತಿ ಕಟ್ಟಿ ಕೊಳಕ್ಕೆ ಇಳಿದಳು. ಮೊಣಕೈವರೆಗೆ ಕೈ ಹಾಕಿ ಪಂಪಿನ ಜಾಲರಿ ಬಿಚ್ಚಿದಳು. ಕಪ್ಪಗೆ ಲೋಳೆಲೋಳೆಯಾದ ಒಂದು ಮುದ್ದೆ ಅದಕ್ಕೆ ಅಂಟಿಕೊಂಡಿತ್ತು. ಯಾವುದು ಪತ್ರೆ, ಯಾವುದು ಹೂವು ಎಂದು ದೇವರಿಗೂ ಗೊತ್ತಾಗುವಂತಿರಲಿಲ್ಲ. ಗಬ್ಬುನಾತ ಅಂಗಳಕ್ಕೆಲ್ಲ ಹಬ್ಬಿತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೀರು ಸುರಿಸುತ್ತ ಮೇಲೆ ಬಂದಳು.

"ತಟ್ಟೇಲಿದ್ದಾಗ ನಾ ಮುಟ್ಟಂಗಿಲ್ಲ," ಅಂದಳು. ದನಿ ಏರಿರಲಿಲ್ಲ. "ಕೊಳ್ತು ನಾರ್ದ್ ಮ್ಯಾಲ ನಾನೇ ಬೇಕು. ದಿನಾ ಈ ಕೈಲೇ ಬಳ್ದಿವ್ನಿ, ಅವತ್ತೆಲ್ಲ ನಿಮ್ ದೇವ್ರಿಗ ಮೈಲ್ಗ ಆಗ್ನಿಲ್ವ? ತಕ್ಕಳಿ ಸಾವ್ಕಾರ್ರೆ, ನಿಮ್ ಹೂವ ನೀವೇ ಮಡಿಕ್ಕಳಿ."

ಜಾಲರಿಯನ್ನು ಅವನ ಕಡೆಗೆ ಚಾಚಿದಳು. ಮೃತ್ಯುಂಜಯ ಏನೂ ತೋಚದೆ ಮೊಬೈಲನ್ನು ಜೇಬಿಗೆ ತುರುಕಿ, ಪ್ರಸಾದಕ್ಕೆ ಒಡ್ಡುವ ಹಾಗೆ ಎರಡೂ ಅಂಗೈ ಒಡ್ಡಿದ. ಅವಳು ಅದನ್ನು ಅವನ ಅಂಗೈಗೆ ಹಾಕಿ, ನಲ್ಲಿಯ ಕೆಳಗೆ ಕೈ ತೊಳೆದುಕೊಂಡು, ಕುಕ್ಕೆಯನ್ನು ಸೊಂಟಕ್ಕಿಟ್ಟುಕೊಂಡು ಗೇಟು ದಾಟಿದಳು. ಅವಳ ಊರು ಹರದನಹಳ್ಳಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಕಾಯದೆ ನಡೆದೇ ಹೊರಟಳು.

ಲೋಳೆ ಮೃತ್ಯುಂಜಯನ ಮೊಣಕೈವರೆಗೆ ಇಳಿಯುತ್ತಿತ್ತು. ಎಲ್ಲಿಗೆ ಹಾಕುವುದು ತಿಳಿಯದೆ ಅವನು ಮನೆಯ ಕಡೆ ತಿರುಗಿ ಮೆಟ್ಟಿಲ ಮೇಲೆ ಕಾಲಿಟ್ಟ. ದೊಡ್ಡಮಲ್ಲಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯನ್ನು ಬಾಗಿಲಿಗೆ ಅಡ್ಡ ಹಿಡಿದಳು.

"ಅಲ್ಲೇ ನಿಂತ್ಕ ಮಗ. ಆ ಗಲೀಜ ಮುಟ್ಟಿದ್ದಯ. ಸ್ನಾನ ಮಾಡ್ದೆ ಒಳಕ್ಕ ಬರ್ಬ್ಯಾಡ."