ಚೀಟಿ ಬರೆದವರ ಹೊಟ್ಟೆ

ಗುಳಿಗೆ ನುಂಗಿದವರನ್ನು ಬಿಟ್ಟು ಚೀಟಿ ಬರೆದವರಿಗೇ ಅಡ್ಡಪರಿಣಾಮ ಆಗತೊಡಗಿದ ವರ್ಷವೇ ಡಾಕ್ಟರುಗಳು ಪೆನ್ನು ಕೆಳಗಿಟ್ಟರು. ಬರೆಯುವ ಕೆಲಸ ನರ್ಸುಗಳ ತಲೆಗೆ ಬಂತು. ಹಳ್ಳಿ ಆಸ್ಪತ್ರೆಯ ನೀಲವ್ವ ಸಿಸ್ಟರ್ ಬೆಳಗಿನಿಂದ ಯಾರ್ಯಾರದೋ ಬಿಪಿ ಗುಳಿಗೆಯ ಒಣಕೆಮ್ಮು ಕೆಮ್ಮುತ್ತಿದ್ದಳು. ಸಂಜೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

ಎದುರಿಗೆ ಟ್ರ್ಯಾಕ್ಟರ್ ಡ್ರೈವರ್ ಫಕೀರಪ್ಪ, ಹಲ್ಲಿನ ಕೀವಿನಿಂದ ದವಡೆ ಊದಿಸಿಕೊಂಡು ಕೂತಿದ್ದ.

“ಈ ಗುಳಿಗಿ ಮ್ಯಾಲೆ ಸೆರೆ ಕುಡದ್ರ ಕರುಳು ಕಿತ್ತು ಬರೂ ಹಂಗ ವಾಂತಿ ಆಗ್ತೈತಿ. ಕುಡೀಬ್ಯಾಡ,” ನೀಲವ್ವ ಚೀಟಿ ಬರೆಯುತ್ತಲೇ ಅಂದಳು.

“ವಾಂತಿ ಯಾರಿಗ್ರೀ ಅಕ್ಕಾರ, ನನಗೋ ನಿಮಗೋ?”

“ನನಗ.”

“ಹಂಗಾದ್ರ ಬರೀರಿ, ಬರೀರಿ!” ಅವನು ಊದಿದ ದವಡೆಯಲ್ಲೇ ನಕ್ಕ.

ನೀಲವ್ವ ಅರ್ಧ ಬರೆದ ಚೀಟಿಯನ್ನು ಹರಿದು, ಹೊಸ ಹಾಳೆಯನ್ನೂ ಪೆನ್ನನ್ನೂ ಅವನ ಮುಂದೆ ತಳ್ಳಿದಳು.

“ನೀನ ಬರಿ. ನಾ ಹೇಳ್ತೀನಿ. ಸಹಿನೂ ನಿಂದ.”

ಫಕೀರಪ್ಪನ ನಗು ನಿಂತಿತು. ಹಲ್ಲು ಸಿಡಿಯುತ್ತಿತ್ತು, ಬರೆಯದೆ ಗತಿಯಿರಲಿಲ್ಲ. ಗುಳಿಗೆಯ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದು ಮುಗಿಸಿದವನು, ಸಹಿ ಹಾಕುವ ಮೊದಲು ಪೆನ್ನು ಎತ್ತಿ ಹಿಡಿದ.

“ಅಕ್ಕಾರ, ದಿನಕ್ಕ ಎಷ್ಟು ಸಲ ಅಂದ್ರಿ? ಊಟಕ್ಕ ಮೊದ್ಲೋ, ಆಮ್ಯಾಲೋ? ಕುಡಿಯೋದು ಎಷ್ಟು ದಿನ ಬಿಡಬೇಕ್ರಿ? ಸಾವಕಾಶ ಹೇಳ್ರಿ.”