ಸರಿಯಾಗಿ ಮುಚ್ಚದ ಚಾಕು

"ಇದು ಕೆಟ್ಟಿದೆ," ಎಂದ ಚಾಕು ಕಾರ್ಖಾನೆಯ ಗುಮಾಸ್ತ ಫೆರಿಯೆ. ಮಡಿಚುವ ಚಾಕುವನ್ನು ಇನ್ನೊಮ್ಮೆ ಬಿಚ್ಚಿ, ಕಿವಿಯ ಹತ್ತಿರ ಹಿಡಿದು ಮಡಿಚಿದ. ಟಕ್ಕೆಂದು ಕೂರಬೇಕಾದ ಅಲಗು ಹಿಡಿಯ ಒಳಮೈಗೆ ಉಜ್ಜಿಕೊಂಡು, ಕುಂಟುತ್ತ ಹೋಗಿ ಕೂತಿತು.

ಅದನ್ನು ಜೋಡಿಸಿ ತಂದಿದ್ದ ಬೆನುವಾತಳ ಎದೆ ಹಗುರಾಯಿತು. ಕೆಟ್ಟಿದ್ದೇ ಆಗಬೇಕಿತ್ತು ಅವಳಿಗೆ. ತಿಯೇರ್ ಊರಿನಲ್ಲಿ ಮನೆಯಲ್ಲೇ ಕೂತು ಚಾಕು ಜೋಡಿಸುವ ಹೆಂಗಸರಿಗೆಲ್ಲ ಗೊತ್ತಿದ್ದ ಕಟ್ಟಳೆ ಅದು: ಕೆಟ್ಟ ಮಾಲು ಜೋಡಿಸಿದವಳ ಮುಖಕ್ಕೇ ವಾಪಸು, ಅದರ ಬೆಲೆ ಕೂಲಿಯಲ್ಲಿ ಕಡಿತ. ಯಾರೂ ಬಯಸದ ಆ ಶಿಕ್ಷೆಗಾಗಿಯೇ ಅವಳು ಅಲಗನ್ನು ಹಿಡಿಗೆ ಕೂಡಿಸುವ ಒಂದು ರಿವೆಟ್ಟನ್ನು ಓರೆಯಾಗಿ ಬಡಿದಿದ್ದಳು.

ಈ ಸಲ ಜೋಡಿಸಲು ಬಂದ ಕಂತೆಯ ಅಲಗುಗಳು ಅವಳ ಗಂಡ ಗಸ್ಪಾರ್ ಸಾಣೆ ಹಿಡಿದ ಕೊನೆಯವು. ಹೊಳೆಯ ಮೇಲಿನ ಸಾಣೆಮನೆಯಲ್ಲಿ ಹಲಗೆಯ ಮೇಲೆ ಬೋರಲು ಮಲಗಿ, ಚಳಿಗೆ ಕಾಲ ಮೇಲೆ ನಾಯಿಯನ್ನು ಮಲಗಿಸಿಕೊಂಡು, ಮೂಗಿನ ಕೆಳಗೇ ತಿರುಗುವ ಕಲ್ಲಿಗೆ ಅಲಗು ಒತ್ತುತ್ತ ಅವನ ಪ್ರಾಯವೆಲ್ಲ ಸವೆದಿತ್ತು. ಬಿರುಕು ಬಿಟ್ಟ ಕಲ್ಲನ್ನು ಬದಲಿಸಿಕೊಡಿ ಎಂದರೆ ಧಣಿ, ಇನ್ನೂ ಒಂದು ತಿಂಗಳು ಬಾಳುತ್ತೆ ಎಂದಿದ್ದ. ಕಲ್ಲು ವಾರವೂ ಬಾಳಲಿಲ್ಲ. ಸಿಡಿದು ಗಸ್ಪಾರನನ್ನೂ ಕರೆದುಕೊಂಡು ಹೋಯಿತು. ಊರಿಗೆಲ್ಲ ಚಾಕು ಮಾಡಿದ ಮನೆಯಲ್ಲಿ ಸ್ವಂತದ್ದು ಎನ್ನುವ ಒಂದು ಚಾಕೂ ಇರಲಿಲ್ಲ. ಅವನ ಕೈಯ ಒಂದೇ ಒಂದು ಅಲಗು ತನ್ನ ಜೇಬಿನಲ್ಲಿರಲಿ, ರೊಟ್ಟಿ ಕೊಯ್ಯುವಾಗ ಹೆಬ್ಬೆರಳಿಗೆ ಅವನು ತಾಗಲಿ. ಅಷ್ಟೇ ಆಸೆ.

"ಬೆನುವಾತ್ ಕೈಯಲ್ಲಿ ತಪ್ಪೇ?" ಸಾಲಿನಲ್ಲಿ ಹಿಂದೆ ನಿಂತಿದ್ದ ಕ್ಲೊತಿಲ್ದ್ ನಕ್ಕಳು. "ಇನ್ನು ಪಾದ್ರಿಗಳೂ ಕುಡಿದೇ ಪೂಜೆಗೆ ಬರ್ತಾರೆ ಬಿಡ್ರೇ!"

"ತಪ್ಪು ನಂದೇ. ಕೂಲೀಲಿ ಹಿಡ್ಕೊಳ್ಳಿ, ಚಾಕು ಕೊಟ್ಬಿಡಿ," ಬೆನುವಾತ್ ಕೈ ಚಾಚಿದಳು.

ಫೆರಿಯೆ ಅವಳ ಕಪ್ಪು ಶಾಲನ್ನು ನೋಡಿದ. ಕೆಟ್ಟ ಮನುಷ್ಯನಲ್ಲ ಅವನು, ಅದೇ ಕೆಟ್ಟದ್ದಾಯಿತು. "ಗಂಡ ಹೋದ ದುಃಖ, ಕೈ ತಪ್ಪಿದೆ. ನಾನೇನು ಕಟುಕನೇನಮ್ಮಾ? ಪೂರ್ತಿ ಕೂಲಿ ಬರ್ಕೊಂಡಿದೀನಿ, ಹೋಗು."

"ಕೂಲಿ ಬೇಡ. ಇದನ್ನ ಕೊಡಿ."

"ಇದು ಡಾಕರ್ ಪೆಟ್ಟಿಗೆಗೆ ಹೋಗುತ್ತೆ. ವಸಾಹತಿನವರಿಗೆ ಇಷ್ಟು ಸಾಕು ಅಂತ ಧಣಿಗಳೇ ಹೇಳಿದಾರೆ."

"ಬೇಕಂತಲೇ ಕೆಡಿಸಿದ್ದು ನಾನು! ಗಸ್ಪಾರಂದು ಅದು. ಅವನ ಅಲಗು!"

ಕ್ಲೊತಿಲ್ದಳ ನಗು ಅರ್ಧಕ್ಕೇ ನಿಂತಿತು. ಫೆರಿಯೆ ಧಣಿಯ ಕೋಣೆಯ ಬಾಗಿಲತ್ತ ಕಳ್ಳನಂತೆ ನೋಡಿ, ದನಿ ತಗ್ಗಿಸಿದ.

"ನಾನು ಕೇಳಿಸ್ಕೊಳ್ಳಲಿಲ್ಲ. ಬೇಕಂತಲೇ ಅಂದ್ರೆ ಅದು ಪೊಲೀಸರ ಮಾತಾಗುತ್ತೆ. ಉಕ್ಕು ಧಣೀದು ತಾಯಿ, ಹಿಡಿ ಧಣೀದು. ನಿನ್ನ ಗಂಡಂದು ಸಾಣೆ ಮಾತ್ರ. ಸಾಣೇನ ಬಿಡಿಸಿ ಕೊಡೋಕಾಗುತ್ತಾ?"

ಚಾಕುವನ್ನು ಪೆಟ್ಟಿಗೆಗೆ ಹಾಕಿ, ಮುಚ್ಚಳ ಇಟ್ಟು, ಸುತ್ತಿಗೆ ಎತ್ತಿಕೊಂಡ.

"ಡಾಕರ್ ಎಲ್ಲಿ ಬರುತ್ತೆ?" ಬೆನುವಾತ್ ಕೇಳಿದಳು.

"ಸಮುದ್ರದಾಚೆ. ಬೊರ್ದೋ ಬಂದರಲ್ಲಿ ಹಡಗಿಗೆ ಹಾಕ್ತಾರೆ."

ಅವಳು ಮುಚ್ಚಳದ ಮೇಲೆ ಅಂಗೈ ಊರಿದಳು. ಫೆರಿಯೆಯ ಸುತ್ತಿಗೆ ಗಾಳಿಯಲ್ಲೇ ನಿಂತಿತು.

"ಅವನ ಹೆಣ ಸಾಗಿಸೋಕೆ ಧಣಿಗಳ ಕತ್ತೆಗಾಡಿ ಕೇಳಿದ್ವಿ, ಕೊಡಲಿಲ್ಲ. ಹೆಗಲ ಮೇಲೇ ಗುಡ್ಡ ಹತ್ತಿಸಿದ್ವಿ," ಎಂದಳು. "ಈಗ ನೋಡಿ, ಅವನನ್ನ ಹಡಗು ಹತ್ತಿಸ್ತಿದಾರೆ."